ಸೋಲಿಗನಿಗೆ ಸ್ಕೀಮು ಗೊತ್ತಿಲ್ಲವಂತೆ! ಹೇಳಿದವರಾದರೂ ಯಾರು?

"ಗಿರಿಜನರಲ್ಲಿ ತಿಳಿವಳಿಕೆಯ ಕೊರತೆ." ಸರ್ಕಾರಿ ಕಡತಗಳಲ್ಲಿ ಈ ಮಾತಿಗಿರುವಷ್ಟು ಆಯುಷ್ಯ ಇನ್ನಾವ ಮಾತಿಗೂ ಇಲ್ಲ. ಕೊಳವೆಬಾವಿಯ ಹಣ ಖರ್ಚಾಗದೆ ಉಳಿಯಿತೆ? ತಿಳಿವಳಿಕೆಯ ಕೊರತೆ. ಆನೆ ತಿಂದ ಬೆಳೆಗೆ ಪರಿಹಾರದ ಅರ್ಜಿ ಬರಲಿಲ್ಲವೆ? ತಿಳಿವಳಿಕೆಯ ಕೊರತೆ. ಬಂದ ಅರ್ಜಿಯೂ ವಜಾ ಆಯಿತೆ? ಅದಕ್ಕೂ ಅದೇ ಷರಾ. ಬರೆಯುವ ಗುಮಾಸ್ತರಿಗೆ ಸುಲಭ, ರುಜು ಹಾಕುವ ಸಾಹೇಬರಿಗೆ ಇನ್ನೂ ಸುಲಭ. ಆಫೀಸಿನಲ್ಲಿ ಯಾರದೂ ತಪ್ಪಿಲ್ಲ. ತಪ್ಪೆಲ್ಲ ಬೆಟ್ಟದ ಮೇಲೆ ಕೂತವನದು.

ಚಾಮರಾಜನಗರ ಜಿಲ್ಲೆಯ ಮಟ್ಟಿಗಾದರೂ ಈ ಷರಾವನ್ನು ಒಮ್ಮೆ ತಿರುವಿ ನೋಡಬೇಕು. ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ, ಪುಣಜನೂರಿನ ಆಸುಪಾಸಿನಲ್ಲಿ, ಮಲೆ ಮಹದೇಶ್ವರ ಬೆಟ್ಟದ ಕಾಡಂಚಿನಲ್ಲಿ ರಾಗಿ, ಮುಸುಕಿನ ಜೋಳ, ಅವರೆ ಬೆಳೆದುಕೊಂಡು, ಆದ ಕಡೆ ನಾಲ್ಕು ಕಾಫಿ ಗಿಡ ಹಾಕಿಕೊಂಡು ಬದುಕುವ ಸೋಲಿಗರು ಏನೂ ತಿಳಿಯದ ಜನ ಅಲ್ಲ. ಯಾವ ಮರದಲ್ಲಿ ಯಾವ ಜೇನು, ಯಾವ ತಿಂಗಳಲ್ಲಿ ಯಾವ ಗೆಡ್ಡೆ, ಆನೆ ಯಾವ ದಾರಿಯಲ್ಲಿ ಬಂದು ಯಾವ ದಾರಿಯಲ್ಲಿ ಹೋಗುತ್ತೆ, ಇವೆಲ್ಲ ಬಾಯಿಪಾಠ. ಅಂಥವರಿಗೆ "ಅರ್ಜಿ ಕೊಟ್ಟರೆ ಪೈಪು ಸಿಗುತ್ತೆ" ಅನ್ನೋ ನಾಲ್ಕು ಪದ ತಲೆಗೆ ಹೋಗಲ್ಲ ಎಂದರೆ ನಂಬೋದು ಹೇಗೆ?

ಗೃಹಲಕ್ಷ್ಮಿಯ ವಿಷಯವನ್ನೇ ತೆಗೆದುಕೊಳ್ಳಿ. 2023ರ ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ಅದು ಶುರುವಾದಾಗ ಪೋಡಿನ ಹೆಂಗಸರಿಗೆ ಯಾರೂ ತರಬೇತಿ ಶಿಬಿರ ನಡೆಸಬೇಕಾಗಲಿಲ್ಲ. ತಿಂಗಳಿಗೆ 2,000 ರೂಪಾಯಿ, ಮನೆಯ ಯಜಮಾನಿಗೆ. ಒಬ್ಬಳ ಖಾತೆಗೆ ಬಂತು ಅಂದರೆ ಸಂಜೆಯೊಳಗೆ ಇಡೀ ಪೋಡಿಗೆ ಸುದ್ದಿ. ಕಂತು ತಡವಾದರೆ ಅದೂ ಗೊತ್ತು. ಕಾಡಿನ ಜನಕ್ಕೆ ಕೊಡುವ ಪೌಷ್ಟಿಕ ಆಹಾರದ ಕಿಟ್ಟೂ ಅಷ್ಟೆ. ಅದರಲ್ಲಿ ಮೊಟ್ಟೆ ಎಷ್ಟು, ಬೇಳೆ ಎಷ್ಟು ಎಂದು ಅಕ್ಷರ ಬಾರದ ಅಜ್ಜಿಯೂ ಲೆಕ್ಕ ಒಪ್ಪಿಸುತ್ತಾಳೆ.

ಅದೇ ಅಜ್ಜಿಯ ಮಗನಿಗೆ ಗಂಗಾ ಕಲ್ಯಾಣದ ಅರ್ಜಿ ಎಲ್ಲಿ ಕೊಡೋದು ಅಂತ ಗೊತ್ತಿಲ್ಲ. ತುಂತುರು ನೀರಾವರಿಯ ಪೈಪಿಗೆ ಎಷ್ಟು ರಿಯಾಯಿತಿ ಅಂತ ಗೊತ್ತಿಲ್ಲ. ತಾಯಿಗೆ ತಿಳಿದದ್ದು ಮಗನಿಗೆ ತಿಳಿಯದು ಎಂದರೆ ದೋಷ ತಲೆಯಲ್ಲಿಲ್ಲ, ಯೋಜನೆಯ ಸ್ವಭಾವದಲ್ಲಿದೆ. ಎಲ್ಲರಿಗೂ ಸಿಗುವ ಯೋಜನೆಯ ಸುದ್ದಿಯನ್ನು ಎಲ್ಲರೂ ಹೇಳುತ್ತಾರೆ. ತಾಲ್ಲೂಕಿಗೆ ಇಷ್ಟೇ ಎಂದು ಗುರಿ ಕೊಟ್ಟ ಯೋಜನೆಯ ಸುದ್ದಿ ಗುಟ್ಟಿನ ಸುದ್ದಿ. ಮೊದಲು ತಿಳಿದವನು ಎರಡನೆಯವನಿಗೆ ಯಾಕೆ ಹೇಳಿಯಾನು? ಹತ್ತು ಬೋರಿಗೆ ನೂರು ಜನ ಬಂದರೆ ತನ್ನ ಪಾಲಿಗೇ ಸಂಚಕಾರ. ಆಫೀಸಿನವರಿಗೂ ಹತ್ತು ಅರ್ಜಿ ಬಂದರೆ ನೆಮ್ಮದಿ, ನೂರು ಬಂದರೆ ತಲೆನೋವು. ಹೀಗಾಗಿ ಗಿರಿಜನರಿಗೆ ತಿಳಿಯದಿರುವುದು ಕೆಲವರಿಗೆ ಅನುಕೂಲವೇ ಆಗಿದೆ.

ಪಹಣಿ ಇಲ್ಲದವನು ರೈತನೇ ಅಲ್ಲ

ಕೃಷಿ ವಿಶ್ವವಿದ್ಯಾಲಯದ ಹುಡುಗರು ಈ ವಿಷಯದ ಮೇಲೆ ಪ್ರಬಂಧ ಬರೆಯುವುದುಂಟು. ರೈತನ ವಯಸ್ಸೆಷ್ಟು, ಓದೆಷ್ಟು, ಜಮೀನೆಷ್ಟು, ರೇಡಿಯೋ ಕೇಳುತ್ತಾನೋ ಇಲ್ಲವೋ, ಅಧಿಕಾರಿಯನ್ನು ಎಷ್ಟು ಸಲ ಭೇಟಿಯಾದ ಎಂದೆಲ್ಲ ಕೇಳಿ ಅಂಕ ಹಾಕುತ್ತಾರೆ. ಓದಿದವನಿಗೆ ಹೆಚ್ಚು ಗೊತ್ತು, ಓದದವನಿಗೆ ಕಡಿಮೆ ಗೊತ್ತು ಎಂದು ಕೋಷ್ಟಕ ಬರುತ್ತೆ. ಸುಳ್ಳೇನಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ ಒಟ್ಟು ಸಾಕ್ಷರತೆ ಶೇಕಡ 75 ದಾಟಿದ್ದಾಗ ಪರಿಶಿಷ್ಟ ಪಂಗಡದವರದು ಶೇಕಡ 62ರ ಆಸುಪಾಸಿನಲ್ಲಿತ್ತು. ಆ ಪಟ್ಟಿಯಲ್ಲಿ ಊರುನಾಡಿನ ದೊಡ್ಡ ಸಮುದಾಯವಾದ ನಾಯಕರೂ ಸೇರಿದ್ದಾರೆ. ಊರು, ಶಾಲೆ, ರಸ್ತೆ, ಪಂಚಾಯ್ತಿ ಮೆಂಬರು ಎಲ್ಲ ಹತ್ತಿರ ಇರುವವರಿಗೆ ಸುದ್ದಿ ಮೊದಲು ಸಿಗುತ್ತೆ. ಅವರೇನೂ ಕಿತ್ತುಕೊಂಡದ್ದಲ್ಲ. ಆದರೆ "ಪರಿಶಿಷ್ಟ ಪಂಗಡಕ್ಕೆ ಇಷ್ಟು ಕೊಟ್ಟೆವು" ಎಂಬ ಒಟ್ಟು ಲೆಕ್ಕದಲ್ಲಿ ಪೋಡಿನವನಿಗೆ ಸಿಕ್ಕಿದ್ದೆಷ್ಟು ಎನ್ನುವುದು ಮುಚ್ಚಿಹೋಗುತ್ತದೆ.

ಆ ಕೋಷ್ಟಕದಲ್ಲಿ 'ಜಮೀನು' ಅನ್ನೋ ಒಂದು ಕಲಮು ಇದೆಯಲ್ಲ, ಅಲ್ಲೇ ಇರೋದು ನಿಜವಾದ ಗಂಟು.

ಸೋಲಿಗರನ್ನು ಒಂದೇ ಕಡೆ ಕೂತು ಉಳುವ ಬೇಸಾಯಕ್ಕೆ ತಂದದ್ದೇ ಸರ್ಕಾರ. ಕಾಡಿನಲ್ಲಿ ಜಾಗ ಬದಲಿಸಿ ಬೆಳೆಯುತ್ತಿದ್ದವರು ಅವರು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಯಿತು, ಆ ಬೇಸಾಯ ನಿಂತಿತು, ಜನ ಪೋಡುಗಳಲ್ಲಿ ಒಟ್ಟಾದರು. 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಆಯಿತು. ನಂತರದ ವರ್ಷಗಳಲ್ಲಿ ನೆಲ್ಲಿಕಾಯಿ, ಪಾಚಿ, ಜೇನು ಇವನ್ನು ಮಾರಾಟಕ್ಕೆ ತರುವುದೂ ನಿಂತಿತು. ಕಾಡಿನ ಕಸುಬು ಹೋಯಿತು, ಎರಡು ಎಕರೆ ಹೊಲ ಉಳಿಯಿತು. ಹೀಗೆ ರೈತನಾಗು ಎಂದು ಹೇಳಿದ ಸರ್ಕಾರವೇ ಮುಂದೆ ರೈತ ಎಂಬುದಕ್ಕೆ ಪುರಾವೆ ಕೇಳಿತು. ಕೈಯಲ್ಲಿ ಪಹಣಿ ಇಲ್ಲ!

ಪಹಣಿ ಇಲ್ಲದವನ ಹೆಸರು ಕೃಷಿ ಇಲಾಖೆಯ ಪಟ್ಟಿಯಲ್ಲಿರುವುದಿಲ್ಲ. ಪಟ್ಟಿಯಲ್ಲಿಲ್ಲದವನನ್ನು ಕೃಷಿ ಸಹಾಯಕ ಹುಡುಕಿಕೊಂಡು ಹೋಗುವುದಿಲ್ಲ. ಹುಡುಕಿಕೊಂಡು ಬಾರದಿದ್ದ ಮೇಲೆ ಸುದ್ದಿ ಬರೋದು ಎಲ್ಲಿಂದ? ಈಗಿನ ಫ್ರೂಟ್ಸ್ ನಂಬರಂತೂ ಹುಟ್ಟೋದೇ ಸರ್ವೆ ನಂಬರಿನಿಂದ. ಪಿಎಂ ಕಿಸಾನ್‌ನ ವರ್ಷಕ್ಕೆ 6,000 ರೂಪಾಯಿ, ಬಿತ್ತನೆ ಬೀಜದ ರಿಯಾಯಿತಿ, ಬೆಳೆ ಸಾಲ, ಎಲ್ಲಕ್ಕೂ ಅದೇ ಬಾಗಿಲು.

ಈ ಮಾತುಕತೆ ಯಾವ ತಾಲ್ಲೂಕಿನ ಆಫೀಸಿನಲ್ಲಾದರೂ ನಡೆಯಬಹುದು:

"ಬುದ್ಧಿ, ನಮ್ಗೂ ಬೋರು ಹಾಕ್ಕೊಡ್ತಾರಂತಲ್ಲ?"

"ಪಹಣಿ ತಂದಿದ್ದೀಯಾ?"

"ಪಾಣಿ ಇಲ್ಲ ಬುದ್ಧಿ. ಇದು ಅರಣ್ಯ ಹಕ್ಕುಪತ್ರ."

"ಇದ್ರಲ್ಲಿ ಆಗಲ್ಲಪ್ಪ. ಪಹಣಿ ತಗೊಂಬಾ."

ಮುಗಿಯಿತು. ಅವನು ಒಂದು ದಿನದ ಕೂಲಿ ಕಳಕೊಂಡು ಪೋಡಿಗೆ ವಾಪಸು. ಅಲ್ಲಿ ಏನು ಹೇಳುತ್ತಾನೆ? "ಹೋಗ್ಬ್ಯಾಡಿ, ಏನೂ ಕೊಡಾಕಿಲ್ಲ." ಅವತ್ತಿನಿಂದ ಆ ಪೋಡಿಗೆ ಆ ಯೋಜನೆಯ ಬಗ್ಗೆ ಪೂರ್ತಿ ತಿಳಿವಳಿಕೆ ಬಂದಂತೆಯೇ! ಕಂಪ್ಯೂಟರಿನ ಮುಂದೆ ಕೂತವರನ್ನು ಬೈದೂ ಪ್ರಯೋಜನವಿಲ್ಲ, ಅವರ ಪರದೆಯಲ್ಲಿ ಹಕ್ಕುಪತ್ರಕ್ಕೆ ಜಾಗ ಇದ್ದರೆ ತಾನೆ? ಆದರೆ ಕಾನೂನಿನಲ್ಲಿ ಜಾಗ ಇದೆ. ಅರಣ್ಯ ಹಕ್ಕು ಕಾಯ್ದೆಯ 2008ರ ನಿಯಮಗಳ 16ನೆಯ ನಿಯಮ ಸ್ಪಷ್ಟವಾಗಿದೆ. ಹಕ್ಕು ಸಿಕ್ಕವರ ಜಮೀನು ಸುಧಾರಣೆಗೆ, ಇಳುವರಿಗೆ, ಮೂಲ ಸೌಕರ್ಯಕ್ಕೆ ಸರ್ಕಾರದ ಎಲ್ಲ ಇಲಾಖೆಗಳ ಯೋಜನೆ ಮುಟ್ಟಿಸಬೇಕು. 2012ರ ತಿದ್ದುಪಡಿಯಲ್ಲಿ ಹಕ್ಕುಪತ್ರ ಕೊಟ್ಟ ಜಮೀನನ್ನು ಸರ್ಕಾರಿ ದಾಖಲೆಗೆ ಸೇರಿಸಬೇಕೆಂದೂ ಬರೆದಿದೆ. ಈ ನಿಯಮ ತಿಳಿಯದೆ ಇರೋದು ಸೋಲಿಗನಿಗೋ, ಆಫೀಸಿಗೋ? 'ತಿಳಿವಳಿಕೆಯ ಕೊರತೆ' ಷರಾ ಇಲ್ಲಿ ಯಾರ ಹೆಸರಿಗೆ ಬರೆಯಬೇಕು?

ರಸ್ತೆ ಬದಿಯ 'ಸಂಪರ್ಕ ರೈತ'

ಹಳಬರಿಗೆ ಗ್ರಾಮಸೇವಕರ ನೆನಪಿರುತ್ತೆ. 1970ರ ದಶಕದ ಕೊನೆಯಲ್ಲಿ ವಿಶ್ವಬ್ಯಾಂಕಿನ ನೆರವಿನ 'ತರಬೇತಿ ಮತ್ತು ಭೇಟಿ' ಪದ್ಧತಿ ಬಂತು. ಹದಿನೈದು ದಿನಕ್ಕೊಮ್ಮೆ ಕೃಷಿ ಸಹಾಯಕರು ಬಂದು 'ಸಂಪರ್ಕ ರೈತ'ನಿಗೆ ಹೇಳಬೇಕು, ಅವನು ಉಳಿದವರಿಗೆ ಹೇಳಬೇಕು. ಕಾಗದದ ಮೇಲೆ ಚೆನ್ನಾಗೇ ಇತ್ತು. ಆದರೆ ಸಂಪರ್ಕ ರೈತನಾಗಿ ಸಿಕ್ಕವನು ಸಾಮಾನ್ಯವಾಗಿ ರಸ್ತೆ ಬದಿಯವನು, ನೀರಾವರಿ ಇದ್ದವನು, ಮನೆಗೆ ಬಂದವರಿಗೆ ಕಾಫಿ ಕೊಡಬಲ್ಲವನು. ಬೆಟ್ಟ ಹತ್ತಿ ಸೋಲಿಗನನ್ನು ಸಂಪರ್ಕಿಸುವ ಶ್ರಮ ಯಾರಿಗೆ ಬೇಕಿತ್ತು? ಆಮೇಲೆ ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಆಯಿತು. ಮೊದಲು ಸರ್ಕಾರ ರೈತನ ಬಳಿಗೆ ಬರಬೇಕಿತ್ತು, ಈಗ ರೈತನೇ ಸರ್ಕಾರದ ಬಳಿಗೆ ಹೋಗಬೇಕು.

ಹೋಗೋದು ಹೇಗೆ? ಬೆಟ್ಟದಿಂದ ಯಳಂದೂರಿಗೆ ಇಪ್ಪತ್ತು ಕಿಲೋಮೀಟರಿಗೂ ಮೇಲೆ ಕಾಡು ದಾರಿ. ಒಳಗಿನ ಪೋಡಿನವರು ಬಸ್ಸು ಸಿಗುವ ಜಾಗಕ್ಕೆ ಮೊದಲು ನಡೆಯಬೇಕು, ಆನೆ ಇಲ್ಲದ ಹೊತ್ತು ನೋಡಿಕೊಂಡು. ಕತ್ತಲಾಗುವ ಮುಂಚೆ ವಾಪಸು. ಆಫೀಸಿನಲ್ಲಿ "ಸಾಹೇಬ್ರು ಮೀಟಿಂಗಲ್ಲಿದ್ದಾರೆ, ಮಧ್ಯಾಹ್ನದ ಮೇಲೆ ಬಾ" ಅಂದರೆ ಪಟ್ಟಣದವನಿಗೆ ಅದು ಎರಡು ಗಂಟೆಯ ಮಾತು, ಸೋಲಿಗನಿಗೆ ಇನ್ನೊಂದು ದಿನದ ಮಾತು.

ಅರ್ಜಿ ಈಗ ಆನ್‌ಲೈನ್, ಓಡಾಟ ಯಾಕೆ ಎನ್ನುವ ಜಾಣರಿದ್ದಾರೆ. ಫೋನಿಗೆ ಓಟಿಪಿ ಬರಬೇಕು, ಓಟಿಪಿ ಬರಲು ಸಿಗ್ನಲ್ ಬೇಕು. ಸಿಗ್ನಲ್ ಸಿಗುವ ಬಂಡೆ ಹತ್ತಿ ಕೂತವನ ಕೈಯಲ್ಲಿ ಆಧಾರ್ ಇರುತ್ತೆ, ಅರ್ಜಿ ತುಂಬುವ ಕಂಪ್ಯೂಟರು ಇರೋದು ಕೆಳಗೆ ಊರಿನಲ್ಲಿ. ಕಾಫಿ ಕುಯ್ಲಿನ ಕಾಲದಲ್ಲಿ ಎಸ್ಟೇಟಿಗೆ, ಕೊಡಗಿಗೆ ಕೂಲಿಗೆ ಹೋದವನ ಕಥೆ ಕೇಳಲೇಬೇಡಿ. ಅರ್ಜಿ ಕರೆದದ್ದೂ ಗೊತ್ತಿಲ್ಲ, ಕಡೇ ದಿನ ಮುಗಿದದ್ದೂ ಗೊತ್ತಿಲ್ಲ. ಗ್ರಾಮಸಭೆಯ ದಿನ ಗೊತ್ತುಮಾಡುವಾಗ ಜೇನಿನ ಕಾಲ ಯಾವುದು, ಕುಯ್ಲಿನ ಕಾಲ ಯಾವುದು ಎಂದು ಪೋಡಿನ ಯಜಮಾನರನ್ನು ಒಂದು ಮಾತು ಕೇಳಿದರೆ ಪಂಚಾಯ್ತಿಯ ಗಂಟೇನೂ ಹೋಗಲ್ಲ.

ಹೆಸರುಗಳದು ಇನ್ನೊಂದು ಕಾಟ. 2023ರ ನವೆಂಬರ್ 15ರಂದು ಕೇಂದ್ರ ಸರ್ಕಾರ ಪಿಎಂ ಜನಮನ್ ಎಂಬ ಯೋಜನೆ ತಂದಿತು. ಅದು ವಿಶೇಷ ದುರ್ಬಲ ಬುಡಕಟ್ಟುಗಳಿಗೆ ಮಾತ್ರ. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವುದು ಜೇನು ಕುರುಬರು ಮತ್ತು ಕೊರಗರು, ಸೋಲಿಗರಿಲ್ಲ. ಜೇನು ಕುರುಬರ ಹಾಡಿಯಲ್ಲಿ ಮನೆ ಕಟ್ಟಲು ಹೆಸರು ಬರೆಸಿಕೊಂಡರೆ ಸುದ್ದಿ ಸೋಲಿಗರಿಗೂ ಮುಟ್ಟುತ್ತೆ, ಅವರೂ ಆಫೀಸಿಗೆ ಹೋಗುತ್ತಾರೆ, "ನಿಮಗಿಲ್ಲ" ಎಂಬ ಉತ್ತರ ಕೇಳಿ ಬರುತ್ತಾರೆ. ಯಾಕಿಲ್ಲ ಎಂದು ಬಿಡಿಸಿ ಹೇಳುವವರಿಲ್ಲ. 2024ರ ಅಕ್ಟೋಬರ್ 2ರಂದು ಇನ್ನೊಂದು ಬಂತು. ಅದು ಎಲ್ಲ ಬುಡಕಟ್ಟುಗಳಿಗೂ, ಸೋಲಿಗರಿಗೂ ಅನ್ವಯಿಸುವಂಥದು. ಅರಣ್ಯ ಹಕ್ಕುಪತ್ರ ಇದ್ದವರ ಬೇಸಾಯಕ್ಕೆ ನೆರವು ಕೊಡುವ ಮಾತೂ ಅದರಲ್ಲಿದೆ. ಹೆಸರು ಮಾತ್ರ 'ಧರ್ತಿ ಆಬಾ ಜನಜಾತೀಯ ಗ್ರಾಮ ಉತ್ಕರ್ಷ ಅಭಿಯಾನ'. ಬಿರ್ಸಾ ಮುಂಡಾ ಅವರ ಬಿರುದು ಅದು, ದೊಡ್ಡವರ ಹೆಸರು ಇಟ್ಟದ್ದು ಸರಿಯೆ. ಆದರೆ ಯಳಂದೂರಿನ ಬಸ್ ಸ್ಟಾಂಡಿನಲ್ಲಿ ನಿಂತು ಇದನ್ನು ತಡವರಿಸದೆ ಒಂದೇ ಉಸಿರಿಗೆ ಹೇಳುವವರು ಎಷ್ಟು ಜನ ಸಿಕ್ಕಾರು? ಬಾಯಿಗೇ ಬಾರದ ಹೆಸರು ಬಾಯಿಂದ ಬಾಯಿಗೆ ಹೋಗೋದು ಹೇಗೆ?

ಹೇಳುವವರಿದ್ದರೆ ಕೇಳುವವರಿದ್ದಾರೆ

ಇಷ್ಟೆಲ್ಲ ಇದ್ದರೂ ಇದೇ ಬೆಟ್ಟದ ಸೋಲಿಗರು ಇಡೀ ದೇಶಕ್ಕೆ ಮಾದರಿಯಾದದ್ದೂ ಇದೆ. ಅದನ್ನು ಈ ಜಿಲ್ಲೆಯವರೇ ಮರೆತಂತಿದೆ. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಇನ್ನು ಒಕ್ಕಲೆಬ್ಬಿಸುತ್ತಾರೆ ಎಂಬ ಭಯ. ಅದೇ ವರ್ಷ ಅಕ್ಟೋಬರ್‌ನಲ್ಲಿ 25 ಪೋಡುಗಳ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಆ ಜನಕ್ಕೆ ಕಾಯ್ದೆಯ ಕಲಮುಗಳು ಆಕಾಶದಿಂದ ಉದುರಲಿಲ್ಲ. ಸೋಲಿಗರ ಸಂಘದವರು, ಡಾ. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಒಡನಾಟದಲ್ಲಿ ಬೆಳೆದವರು, ಬೆಟ್ಟದಲ್ಲಿ ಸಂಶೋಧನೆಗೆ ಬಂದ ಏಟ್ರೀ ಸಂಸ್ಥೆಯವರು ಪೋಡು ಪೋಡಿನಲ್ಲಿ ಕೂತು ಮಾತಾಡಿದರು. ಹಿರಿಯರು ತೋರಿಸಿದ ದೇವರ ತಾಣ, ಸಮಾಧಿ, ಹಳೇ ಪೋಡಿನ ಜಾಗ ನಕ್ಷೆಗೆ ಬಂದವು. ಪರಿಶಿಷ್ಟ ಪಂಗಡದವರಿಗೆ 2005ರ ಡಿಸೆಂಬರ್ 13 ಗಡುವು ಎಂಬುದು, ಹಿರಿಯರ ಹೇಳಿಕೆಯನ್ನೂ ಬರೆದುಕೊಂಡು ಸಾಕ್ಷ್ಯವಾಗಿ ಕೊಡಬಹುದು ಎಂಬುದು, ಹಳೇ ಬಾವಿ ಮತ್ತು ಪೂಜೆಯ ಜಾಗವೂ ಪುರಾವೆ ಎಂಬುದು ಜನರ ನಾಲಿಗೆಗೆ ಬಂತು. ಓದಿದವರು ಎಷ್ಟು, ಓದದವರು ಎಷ್ಟು ಎಂದು ಆಗ ಯಾರೂ ಕೋಷ್ಟಕ ಹಾಕಲಿಲ್ಲ.

ಬಂಡೀಪುರ, ನಾಗರಹೊಳೆಯ ಸುತ್ತ 2015ರಲ್ಲಿ ಶುರುವಾದ ವೈಲ್ಡ್ ಸೇವೆಯೂ ಇಂಥದೇ ಪಾಠ. ಆನೆ ಬೆಳೆ ತಿಂದರೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತೆ, ಅದು ಹಳೇ ಸಂಗತಿ. ಕೇಳುವ ಗೋಜಿಗೆ ಹೋಗದೆ ಸುಮ್ಮನಾಗುತ್ತಿದ್ದ ರೈತರೂ ಇದ್ದರು. ಖರ್ಚಿಲ್ಲದೆ ಮಾಡಬಹುದಾದ ಒಂದು ಫೋನ್ ನಂಬರು, ಫೋನ್ ಮಾಡಿದರೆ ಹೊಲಕ್ಕೇ ಬಂದು ಫೋಟೋ ತೆಗೆದು ಅರ್ಜಿ ತುಂಬಿಕೊಡುವ ಒಬ್ಬ ಹುಡುಗ, ಇಷ್ಟೇ ಅದರ ಬಂಡವಾಳ. ಅರ್ಜಿಗಳು ಸಾವಿರಗಟ್ಟಲೆ ಬಂದವು. ಕರಪತ್ರ ಹಂಚಿ ಬ್ಯಾನರು ಕಟ್ಟಿದ್ದರಿಂದ ಅಲ್ಲ.

ಹೇಳುವವರು ಇಲ್ಲದಿದ್ದರೆ ಏನಾಗುತ್ತೆ? 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು ಅರ್ಜಿ ವಜಾ ಆದವರನ್ನು ಕಾಡಿನಿಂದ ತೆರವು ಮಾಡಿ ಎಂದಿತು. ಅದೇ ತಿಂಗಳ 28ಕ್ಕೆ ತಡೆ ಬಂತು. ತೆರವಿನ ಸುದ್ದಿ ಹಬ್ಬಿದ ವೇಗದಲ್ಲಿ ತಡೆಯ ಸುದ್ದಿ ಹಬ್ಬಲಿಲ್ಲ, ಕೆಟ್ಟ ಸುದ್ದಿಗೆ ಕಾಲು ಜಾಸ್ತಿ. ನಿಯಮದ ಪ್ರಕಾರ ಅರ್ಜಿ ವಜಾ ಆದರೆ ಅರ್ಜಿದಾರನಿಗೆ ಖುದ್ದಾಗಿ ತಿಳಿಸಬೇಕು, ಆತ 60 ದಿನದೊಳಗೆ ಮೇಲಿನ ಸಮಿತಿಗೆ ಹೋಗಬಹುದು. ಅರ್ಜಿ ಏನಾಯಿತು ಎಂದೇ ಗೊತ್ತಿಲ್ಲದವನಿಗೆ 60 ದಿನ ಯಾವತ್ತು ಶುರುವಾಯಿತು, ಯಾವತ್ತು ಮುಗಿಯಿತು? ಪೈಪು, ಬೋರು ತಪ್ಪಿದರೆ ಒಂದು ವರ್ಷದ ಬೆಳೆ ಹೋಯಿತು ಅಂದುಕೊಳ್ಳಬಹುದು. ಈ ಸುದ್ದಿ ತಪ್ಪಿದರೆ ಕಾಲ ಕೆಳಗಿನ ನೆಲವೇ ಹೋಗುತ್ತೆ.

ದುಡ್ಡಿಲ್ಲ ಅನ್ನೋ ಹಾಗೂ ಇಲ್ಲ. ಪರಿಶಿಷ್ಟ ಪಂಗಡದವರಿಗೆಂದೇ ಇರುವ ವಾಲ್ಮೀಕಿ ಅಭಿವೃದ್ಧಿ ನಿಗಮದಿಂದ 187 ಕೋಟಿ ರೂಪಾಯಿ ಅಕ್ರಮವಾಗಿ ವರ್ಗಾವಣೆಯಾದ ಆರೋಪ 2024ರಲ್ಲಿ ರಾಜ್ಯವನ್ನೇ ಅಲ್ಲಾಡಿಸಿತು. ಗಂಗಾ ಕಲ್ಯಾಣದ ಅರ್ಜಿ ಹೋಗಬೇಕಾದದ್ದು ಇದೇ ನಿಗಮಕ್ಕೆ. ಯಾರಿಗಾಗಿ ಈ ದುಡ್ಡು ಇದೆಯೋ ಅವರಿಗೆ ನಿಗಮದ ವಿಳಾಸ ಗೊತ್ತಿಲ್ಲ, ಬೇಕಾದವರಿಗೆ ಬ್ಯಾಂಕ್ ಖಾತೆಯ ನಂಬರೇ ಗೊತ್ತಿತ್ತು!

ಪಟ್ಟಣದ ಅಂಗಡಿಯವರಿಗೂ ಇದರಲ್ಲಿ ಒಂದು ಪಾತ್ರ ಇದೆ, ಅವರು ಒಪ್ಪಲಿ ಬಿಡಲಿ. ಸೋಲಿಗ ರೈತ ಪಟ್ಟಣಕ್ಕೆ ಬಂದರೆ ಮೊದಲು ಹೋಗೋದು ಆಫೀಸಿಗಲ್ಲ, ಉದ್ರಿ ಇರುವ ಅಂಗಡಿಗೆ. ರಿಯಾಯಿತಿ ಬೀಜ ಬಂದದ್ದು ಗೊಬ್ಬರದ ಅಂಗಡಿಯವರಿಗೆ ಗೊತ್ತಿರುತ್ತೆ, ಹೇಳಿದರೆ ತಮ್ಮ ಬೀಜ ಹೋಗಲ್ಲ ಎಂಬ ಲೆಕ್ಕವೂ ಕೆಲವರಿಗಿರುತ್ತೆ. ಜೆರಾಕ್ಸ್ ಅಂಗಡಿಯ ಹುಡುಗನಿಗಂತೂ ಯಾವ ಅರ್ಜಿಗೆ ಯಾವ ಕಾಗದ ಬೇಕು ಎಂಬುದು ಶಿರಸ್ತೇದಾರರಿಗಿಂತ ಚೆನ್ನಾಗಿ ಗೊತ್ತು. ಅವನೊಬ್ಬ ಸರಿಯಾಗಿ ಹೇಳಿದರೆ ಆಫೀಸಿನ ಹೊರಗೆ ಕಾದು ನಿಂತ ದಲ್ಲಾಳಿಯ ಜೇಬು ಅರ್ಧ ಖಾಲಿ. ಇನ್ನು 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಪೋಡಿನ ಹೆಂಗಸರು ಆಸ್ಪತ್ರೆಗೆ, ಬ್ಯಾಂಕಿಗೆ, ಸಂತೆಗೆ ಕೈಯಿಂದ ಕಾಸು ಬಿಚ್ಚದೆ ಬಂದು ಹೋಗಬಹುದು. ಕೃಷಿ ಇಲಾಖೆಯವರು ಮಾತ್ರ ಈಗಲೂ "ಯಜಮಾನ್ರನ್ನ ಕಳಿಸಮ್ಮ" ಅನ್ನುತ್ತಾರೆ. ಹೊಲದಲ್ಲಿ ಕಳೆ ಕೀಳೋದು, ಬೀಜ ಎತ್ತಿಡೋದು ಯಾರು ಸ್ವಾಮಿ?

ದೊಡ್ಡ ಖರ್ಚಿನ ಕೆಲಸ ಯಾವುದೂ ಇಲ್ಲಿಲ್ಲ. 1970ರ ದಶಕದಿಂದ ಬಂದ ಲ್ಯಾಂಪ್ಸ್ ಸೊಸೈಟಿಗಳಿವೆ. ಅವುಗಳ ಗೋಡೆಯ ಮೇಲೆ ಆ ವರ್ಷ ಯಾವ ಯೋಜನೆಗೆ ಎಷ್ಟು ಗುರಿ, ಅರ್ಜಿಯ ಕಡೇ ದಿನ ಯಾವುದು, ಯಾರ ಬಳಿ ಕೇಳಬೇಕು ಎಂದು ಬಣ್ಣದಲ್ಲಿ ಬರೆಸಬಹುದು. ಗುರಿ ಎಷ್ಟು ಎಂದು ಬರೆದರೇನೆ ಗುಟ್ಟು ಒಡೆಯುವುದು. ಆಶ್ರಮ ಶಾಲೆಯಲ್ಲಿ ಓದಿ ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿ ಕೂಲಿಗೆ ಹೋಗುತ್ತಿರುವ ಹುಡುಗ ಹುಡುಗಿಯರು ಪೋಡುಗಳಲ್ಲಿದ್ದಾರೆ, ತಿಂಗಳಿಗಿಷ್ಟು ಎಂದು ಗೌರವಧನ ಕೊಟ್ಟು ಅವರಿಂದಲೇ ಅರ್ಜಿ ತುಂಬಿಸಬಹುದು. ವಜಾ ಆದ ಅರ್ಜಿಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಹೆಸರು ಕೂಗಿ ಓದಬಹುದು. ಹಕ್ಕುಪತ್ರದ ಜಮೀನನ್ನು ದಾಖಲೆಗೆ ಏರಿಸುವ ಕೆಲಸ ಎಲ್ಲಿ ನಿಂತಿದೆ ಎಂದು ಜಿಲ್ಲಾಧಿಕಾರಿಗಳು ತಿಂಗಳ ಸಭೆಯಲ್ಲಿ ಕೇಳಬಹುದು, ಅರಣ್ಯದವರು ಕಂದಾಯದವರ ಕಡೆಗೂ ಕಂದಾಯದವರು ಅರಣ್ಯದವರ ಕಡೆಗೂ ಬೆರಳು ತೋರಿಸದ ಹಾಗೆ ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿಕೊಂಡು.

ಮಳೆಗಾಲದಲ್ಲಿ ಆಹಾರದ ಕಿಟ್ ಹೊತ್ತ ವಾಹನ ಹೇಗಿದ್ದರೂ ಬೆಟ್ಟ ಹತ್ತುತ್ತದೆ. ಪೋಡಿನ ಜನ ಅವತ್ತು ಒಂದೆಡೆ ಸೇರಿರುತ್ತಾರೆ, ಗಂಡಸರು ಹೆಂಗಸರು ಇಬ್ಬರೂ. ಕೃಷಿ ಸಹಾಯಕರು, ತೋಟಗಾರಿಕೆಯವರು, ಹಕ್ಕುಪತ್ರದ ಕಡತ ನೋಡುವ ಗುಮಾಸ್ತರು ಅದೇ ವಾಹನದಲ್ಲಿ ಕೂತು ಹೋದರೆ ಮೊಟ್ಟೆ ಎಣಿಸಿ ಕೊಡುವ ಹೊತ್ತಿನಲ್ಲೇ ಅರ್ಧ ಕೆಲಸ ಆಗಿರುತ್ತೆ. ಅದಕ್ಕೆ ಬೇಕಾದದ್ದು ಎರಡು ಮೂರು ಸೀಟು, ಮೂರು ಇಲಾಖೆಗಳ ಡ್ಯೂಟಿ ಒಂದೇ ದಿನಕ್ಕೆ ಬೀಳುವ ಹಾಗೆ ಒಂದು ಆದೇಶ.